ಇಲಾಖಾ ವಿಚಾರಣೆ ನಡೆಸುವವರು ಎಲ್ಲಿಂದ ಬರುತ್ತಾರೆ: ನನ್ನ ಅನುಭವ

ಸರ್ಕಾರಿ ನೌಕರರ ಮೇಲಿನ ವಿಚಾರಣೆ ನಡೆಸೋಕೆ ನಿಮಗೆ ಅರ್ಹತೆ ಎಲ್ಲಿಂದ ಬಂತು ಸಾರ್ ಅಂತ ತರಬೇತಿಗೆ ಬಂದವರು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ಒಬ್ಬರ ಕೆಲಸ, ಬಡ್ತಿ, ಪಿಂಚಣಿ ನಮ್ಮ ವರದಿಯ ಮೇಲೆ ನಿಂತಿರುತ್ತದೆ. ಅದಕ್ಕೇ ನಾನು ಬಂದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಜನ ಮುಖ್ಯವಾಗಿ ಎರಡು ಕಡೆಯಿಂದ ಬರುತ್ತಾರೆ. ಒಂದು ಕೋರ್ಟಿನ ಕಡೆ. ಇಲಾಖೆಗಳು ನಿವೃತ್ತ ಜಿಲ್ಲಾ ನ್ಯಾಯಾಧೀಶರನ್ನು ವಿಚಾರಣಾಧಿಕಾರಿಯಾಗಿ ನೇಮಿಸುತ್ತವೆ. ಸಿಸಿಎ ನಿಯಮಗಳು, ಅಂದರೆ ಸರ್ಕಾರಿ ನೌಕರರ ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ ನಿಯಮಗಳ 14-ಎ ಪ್ರಕಾರ ಲೋಕಾಯುಕ್ತಕ್ಕೆ ಒಪ್ಪಿಸಿದ ವಿಚಾರಣೆಗಳನ್ನು ಅಲ್ಲಿನ ಅಪರ ನಿಬಂಧಕರು ನಡೆಸುತ್ತಾರೆ. ಅವರೂ ನ್ಯಾಯಾಂಗದಿಂದ ಬಂದವರು. ಇನ್ನೊಂದು ಕಚೇರಿಯ ಕಡೆ. ಫೈಲ್ ಕಟ್ಟಿ, ಟಿಪ್ಪಣಿ ಬರೆದು, ಆದೇಶ ಹೊರಡಿಸಿ ನಿವೃತ್ತರಾದವರು. ನಾನು ಈ ಎರಡನೇ ಸಾಲಿನವನು.

ಸೇರಿದ್ದು ದ್ವಿತೀಯ ದರ್ಜೆ ಸಹಾಯಕನಾಗಿ. ಸಿಕ್ಕಿದ್ದು ಸಿಬ್ಬಂದಿ ಶಾಖೆ. ಸೇವಾ ಪುಸ್ತಕ, ರಜೆ ಲೆಕ್ಕ, ವಾರ್ಷಿಕ ವೇತನ ಬಡ್ತಿ, ಅಮಾನತು ಆದೇಶ, ಇವೇ ದಿನದ ಕೆಲಸ. ಇಲಾಖಾ ಪರೀಕ್ಷೆಗೆ ಅಂತ ಜನರಲ್ ಲಾ, ಅಕೌಂಟ್ಸ್ ಹೈಯರ್ ಓದಿದೆ. ಆಗಲೇ 1957ರ ಸಿಸಿಎ ನಿಯಮಗಳು ಹತ್ತಿರವಾದವು. ನಿಯಮ 8ರಲ್ಲಿ ದಂಡನೆಗಳ ಪಟ್ಟಿ, 10ರಲ್ಲಿ ಅಮಾನತು, 11ರಲ್ಲಿ ಕಠಿಣ ದಂಡನೆಗೆ ಮುಂಚಿನ ವಿಚಾರಣೆ, 12ರಲ್ಲಿ ಲಘು ದಂಡನೆ. ಪುಸ್ತಕ ಓದಿದರೆ ಯಾರಿಗಾದರೂ ಇಷ್ಟು ಬರುತ್ತದೆ. ಆದರೆ ಹಾಜರಾತಿ ಪುಸ್ತಕದಲ್ಲಿ ಯಾವ ಸಹಿ ಆಮೇಲೆ ತುರುಕಿದ್ದು, ಯಾವ ತಿದ್ದುಪಡಿ ಆವತ್ತೇ ಆದದ್ದು ಅಂತ ಗುರುತು ಹಿಡಿಯೋದು ಶಾಖೆಯಲ್ಲಿ ಕೂತವರಿಗೇ ಬರುವುದು.

ಮಧ್ಯೆ ಸಂಜೆ ಕಾಲೇಜಿನಲ್ಲಿ ಕಾನೂನು ಓದಿದೆ. ಅದರಿಂದ ಸಾಕ್ಷ್ಯ ಅಂದರೇನು ಅಂತ ತಿಳಿಯಿತು. ಆಮೇಲೆ ಮಂಡನಾಧಿಕಾರಿಯ ಕೆಲಸ ಬಂತು. ಇಲಾಖೆಯ ಪರ ದಾಖಲೆ ಹಾಜರುಪಡಿಸಿ ಸಾಕ್ಷಿಗಳನ್ನು ವಿಚಾರಿಸುವ ಕೆಲಸ ಅದು. ಬಹಳ ಅಧಿಕಾರಿಗಳು ಇದರಿಂದ ತಪ್ಪಿಸಿಕೊಳ್ಳಲು ನೋಡುತ್ತಾರೆ. ನಾನು ಕೇಳಿ ಪಡೆದೆ.

ನನ್ನನ್ನು ನಿಜವಾಗಿ ಬದಲಾಯಿಸಿದ್ದು ಎದುರು ಬದಿಯ ಕೆಲಸ. ಆಪಾದಿತ ನೌಕರ ತನ್ನ ನೆರವಿಗೆ ಇನ್ನೊಬ್ಬ ಸರ್ಕಾರಿ ನೌಕರನನ್ನು ಕರೆದುಕೊಳ್ಳಬಹುದು. ಹಾಗೆ ಕೆಲವರ ಪಕ್ಕದಲ್ಲಿ ಕೂತೆ. ಅಮಾನತಾಗಿ ಜೀವನಾಧಾರ ಭತ್ಯೆಯಲ್ಲಿ ಮನೆ ನಡೆಸುತ್ತಿರುವವನಿಗೆ ಪ್ರತಿ ಮುಂದೂಡಿಕೆಯೂ ಎಷ್ಟು ಭಾರ ಅಂತ ಅಲ್ಲಿಯೇ ಕಂಡೆ. ದೋಷಾರೋಪ ಪಟ್ಟಿ ಕೈಗೆ ಬಂದರೂ ತನ್ನ ತಪ್ಪೇನು ಅಂತ ಅವನಿಗೆ ಅರ್ಥವಾಗಿರುವುದಿಲ್ಲ. ಯಾಕೆಂದರೆ ಅದರಲ್ಲಿ 'ಕರ್ತವ್ಯಲೋಪ ಎಸಗಿ ಸರ್ಕಾರಿ ನೌಕರನಿಗೆ ತರವಲ್ಲದ ರೀತಿಯಲ್ಲಿ ವರ್ತಿಸಿದ್ದೀರಿ' ಅಂತ ಮಾತ್ರ ಇರುತ್ತದೆ. ಯಾವ ದಿನ, ಯಾವ ರಿಜಿಸ್ಟರ್, ಎಷ್ಟು ಹಣ, ಯಾವ ಆದೇಶ ಮೀರಿದ್ದು, ಒಂದೂ ಇಲ್ಲ. ಇದಕ್ಕೆ ಅವನು ಏನಂತ ಉತ್ತರ ಕೊಡಬೇಕು?

ಆದ್ದರಿಂದ ಈಗ ಜಿಲ್ಲಾ ತರಬೇತಿ ಸಂಸ್ಥೆಗಳಲ್ಲಿ ಪಾಠ ಮಾಡುವಾಗ ಹೆಚ್ಚು ಹೊತ್ತು ಇದಕ್ಕೇ ಕೊಡುತ್ತೇನೆ. ಒಂದು ಘಟನೆಯ ವಿವರ ಕೊಟ್ಟು ಆರೋಪ ಬರೆಯಿರಿ ಅನ್ನುತ್ತೇನೆ. ತಹಶೀಲ್ದಾರರು, ಶಿಕ್ಷಣಾಧಿಕಾರಿಗಳು, ಪಿಡಿಓಗಳು, ಎಂಜಿನಿಯರುಗಳು ಎಲ್ಲರೂ ಬರೆಯುತ್ತಾರೆ. ಬರೆದದ್ದನ್ನು ಪಕ್ಕದವರಿಗೆ ಕೊಡಿಸುತ್ತೇನೆ. ನೀವೇ ಆಪಾದಿತರು, ಈಗ ಉತ್ತರ ಬರೆಯಿರಿ. ಅಲ್ಲಿಗೆ ಗದ್ದಲ ಶುರು. ದಿನಾಂಕ ಎಲ್ಲಿ, ಈ ದಾಖಲೆಯ ಪ್ರತಿ ಎಲ್ಲಿ, ಸಾಕ್ಷಿ ಯಾರು ಅಂತ ಅವರೇ ಕೇಳುತ್ತಾರೆ. ಆರೋಪದ ಜೊತೆ ಇವೆಲ್ಲ ಇರಬೇಕು ಅಂತ ನಿಯಮ 11 ಯಾಕೆ ಹೇಳುತ್ತದೆ ಅಂತ ಆಮೇಲೆ ನಾನು ವಿವರಿಸಬೇಕಾಗುವುದೇ ಇಲ್ಲ.

ತೀರ್ಪುಗಳಲ್ಲಿ ಮೊದಲು ಓದಿಸುವುದು ನಮ್ಮದೇ ನೆಲದ್ದು. ಮೈಸೂರು ರಾಜ್ಯ ವಿರುದ್ಧ ಕೆ. ಮಂಚೇಗೌಡ, 1963. ಸುಳ್ಳು ಭತ್ಯೆ ಪಡೆದ ಆರೋಪ. ವಿಚಾರಣಾಧಿಕಾರಿ ಹಿಂಬಡ್ತಿ ಸೂಚಿಸಿದ್ದರು. ಸರ್ಕಾರ ವಜಾ ಮಾಡಿತು. ಹಿಂದಿನ ಸೇವಾ ದಾಖಲೆ ಚೆನ್ನಾಗಿರಲಿಲ್ಲ ಅನ್ನುವುದು ಕಾರಣ. ಆದರೆ ನೋಟಿಸಿನಲ್ಲಿ ಆ ಮಾತೇ ಇರಲಿಲ್ಲ. ಹೇಳದೇ ಇದ್ದ ಕಾರಣಕ್ಕೆ ದಂಡನೆ ಕೊಟ್ಟರೆ ಸಂವಿಧಾನದ 311ನೇ ವಿಧಿ ಹೇಳುವ ಸಮಂಜಸ ಅವಕಾಶ ಕೊಟ್ಟಂತಾಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟು ವರ್ಷ ಕಳೆದರೂ ಇಂಥ ಆದೇಶಗಳು ಇನ್ನೂ ಬರುತ್ತವೆ. ನನಗೆ ಇದು ಬೇಸರದ ಸಂಗತಿ.

ಇನ್ನೊಂದು, 2010ರ ಉತ್ತರ ಪ್ರದೇಶದ ಸರೋಜ್ ಕುಮಾರ್ ಸಿನ್ಹಾ ಪ್ರಕರಣ. ವಿಚಾರಣಾಧಿಕಾರಿ ಇಲಾಖೆಯ ಪ್ರತಿನಿಧಿ ಅಲ್ಲ, ಸ್ವತಂತ್ರವಾಗಿ ತೀರ್ಮಾನಿಸಬೇಕಾದವನು ಅಂತ ಅದರಲ್ಲಿದೆ. ನೌಕರ ಗೈರಾದರೂ ಇಲಾಖೆ ತನ್ನ ಸಾಕ್ಷ್ಯವನ್ನು ಹಾಜರುಪಡಿಸಲೇಬೇಕು. ಕಚೇರಿಯ ಕಡೆಯಿಂದ ಬಂದ ನಮ್ಮಂಥವರು ಇದನ್ನು ಮತ್ತೆ ಮತ್ತೆ ಓದಬೇಕು. ಮೇಲಧಿಕಾರಿಯ ಮನಸ್ಸಿನಲ್ಲಿ ಏನಿದೆ ಅಂತ ನೋಡಿ ಟಿಪ್ಪಣಿ ಬರೆಯುವ ಅಭ್ಯಾಸ ನಮ್ಮದು. ಕೋರ್ಟಿನಿಂದ ಬಂದವರಿಗೆ ಆ ಕಷ್ಟ ಕಡಿಮೆ. ಅವರಲ್ಲಿ ಕೆಲವರು ಕ್ರಿಮಿನಲ್ ಕೇಸಿನಷ್ಟು ಗಟ್ಟಿ ರುಜುವಾತು ಹುಡುಕುತ್ತಾರೆ. ಇಲಾಖಾ ವಿಚಾರಣೆಗೆ ಅಷ್ಟು ಬೇಕಿಲ್ಲ. ಆಗಿರುವ ಸಂಭವ ಯಾವ ಕಡೆ ಹೆಚ್ಚು ಅಂತ ತೂಗಿದರೆ ಸಾಕು.

ಎರಡೂ ಕಡೆಯವರು ಬೇಕು ಅನ್ನುವುದನ್ನು ಕಾನೂನೇ ಒಪ್ಪಿದೆ. ರಾಜ್ಯ ನೌಕರರ ಸೇವಾ ವಿವಾದ ಕೇಳಲು 1986ರಿಂದ ಇರುವ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯನ್ನೇ ನೋಡಿ. ಪೀಠದಲ್ಲಿ ಒಬ್ಬರು ನ್ಯಾಯಾಂಗ ಸದಸ್ಯರು, ಒಬ್ಬರು ಆಡಳಿತ ಸದಸ್ಯರು. ಕೇಂದ್ರ ನೌಕರರ ಸಂಬಳ, ರಜೆ, ಕೆಲಸದ ಅವಧಿಯ ವಿವಾದಗಳಿಗೆ ಇರುವ ಮಧ್ಯಸ್ಥಿಕೆ ಮಂಡಳಿಯಲ್ಲೂ ಎರಡು ಕಡೆಯವರು ಇರುತ್ತಾರೆ, ಆದರೆ ಅಲ್ಲಿ ಕಡೆಗಳು ಬೇರೆ. ಸರ್ಕಾರದ ಕಡೆಯ ಒಬ್ಬರು, ನೌಕರರ ಕಡೆಯ ಒಬ್ಬರು, ಮೇಲೆ ಸ್ವತಂತ್ರ ಅಧ್ಯಕ್ಷರು. ಆದರೆ ಇಲಾಖಾ ವಿಚಾರಣೆಯಲ್ಲಿ ಸಾಮಾನ್ಯವಾಗಿ ಒಬ್ಬನೇ ಕೂರುತ್ತಾನೆ, ಅಲ್ವಾ? ಆ ಒಬ್ಬನಿಗೆ ಕೋರ್ಟಿನ ರೀತಿ, ಕಚೇರಿಯ ರೀತಿ ಎರಡೂ ಗೊತ್ತಿರಬೇಕು.

ಎಲ್‌ಎಲ್‌ಬಿ ಕಡ್ಡಾಯವಾ ಅಂತ ಕಿರಿಯರು ಕೇಳುತ್ತಾರೆ. ವಿಚಾರಣಾಧಿಕಾರಿಗೆ ಕಾನೂನು ಪದವಿ ಇರಲೇಬೇಕು ಅಂತ ಸಿಸಿಎ ನಿಯಮಗಳಲ್ಲಿ ಇಲ್ಲ. ಇದ್ದರೆ ಒಳ್ಳೆಯದು. ಅದಕ್ಕಿಂತ ಮೊದಲು ಒಂದು ಪ್ರಕರಣವನ್ನು ಮಂಡನಾಧಿಕಾರಿಯಾಗಿ ಶುರುವಿನಿಂದ ಕೊನೆತನಕ ನಡೆಸಿ. ಇನ್ನೊಂದರಲ್ಲಿ ಆಪಾದಿತರ ಪಕ್ಕ ಕೂತು ಪಾಟೀ ಸವಾಲು ಮಾಡಿ. ಮೂರನೆಯದರ ಹೊತ್ತಿಗೆ ಆ ಕುರ್ಚಿಯಲ್ಲಿ ಕೂತವರ ಕಷ್ಟ ನಿಮಗೇ ಕಾಣುತ್ತದೆ.

ಕಚೇರಿಯಿಂದ ಬಂದವರಿಗೆ ಒಂದು ವಿಷಯ ಬೇರೆಯಾಗಿ ಹೇಳುತ್ತೇನೆ. ಸೇವೆ ಜಾಸ್ತಿಯಾದಷ್ಟೂ ಪರಿಚಯ ಜಾಸ್ತಿ. ನಾನು ಕೆಲಸ ಮಾಡಿದ ಕಚೇರಿಯ ಫೈಲ್ ಬಂದರೆ, ಆಪಾದಿತರೋ ದೂರುದಾರರೋ ನನ್ನ ಕೈಕೆಳಗೆ ಇದ್ದವರಾದರೆ, ಕಾರಣ ಬರೆದು, ವಿಚಾರಣೆ ಒಪ್ಪಿಸಿದ ಶಿಸ್ತು ಪ್ರಾಧಿಕಾರಕ್ಕೆ ವಾಪಸ್ ಕಳಿಸುತ್ತೇನೆ. ಮೊದಲ ವಿಚಾರಣೆ ದಿನವೇ ನನ್ನ ಹಿಂದಿನ ಹುದ್ದೆಗಳನ್ನು ಎರಡೂ ಕಡೆಯವರ ಮುಂದೆ ಹೇಳಿ, ಆಕ್ಷೇಪ ಇದ್ದರೆ ಬರೆದುಕೊಡಿ ಅನ್ನುತ್ತೇನೆ. ಅದು ದಿನದ ಆದೇಶ ಹಾಳೆಯಲ್ಲಿ ಮೊದಲ ಸಾಲಾಗಿ ದಾಖಲಾಗುತ್ತದೆ.