ಮೋಟಾರ್ ಇಲ್ಲದ ಟ್ರೆಡ್‌ಮಿಲ್ ಮೇಲೆ ನಡೆಯುತ್ತಾ ಕೆಲಸ: ನನ್ನ ಅನುಭವ

ಬೇರೆಯವರು ಬರೆದದ್ದನ್ನು ಓದಿ ತಿದ್ದುವುದು ನನ್ನ ಕೆಲಸ. ದಿನಕ್ಕೆ ಎಂಟೊಂಬತ್ತು ಗಂಟೆ ಕುರ್ಚಿಯಲ್ಲೇ ಕಳೆಯುತ್ತಿತ್ತು. ಎದ್ದಾಗ ಸೊಂಟ ಹಿಡಿದುಕೊಂಡಿರುತ್ತಿತ್ತು. ನಾಲ್ಕು ಹೆಜ್ಜೆ ಹಾಕಿದ ಮೇಲೇ ಬೆನ್ನು ನೆಟ್ಟಗಾಗುತ್ತಿತ್ತು. ಕೆಲಸ ಮುಗಿಸಿ ವಾಕಿಂಗ್ ಹೋಗೋಣ ಅಂತ ಎಷ್ಟು ಸಲ ಅಂದುಕೊಂಡರೂ ಅಷ್ಟು ಹೊತ್ತಿಗೆ ಕತ್ತಲಾಗಿರುತ್ತಿತ್ತು. ಕೊನೆಗೆ ಮೇಜಿನ ಕೆಳಗೆ ಇಡುವ ಟ್ರೆಡ್‌ಮಿಲ್ ತಂದೆ. ಮೋಟಾರ್ ಇಲ್ಲದ್ದು. ಕಾಲಿನಿಂದ ತಳ್ಳಿದರೆ ಮಾತ್ರ ಬೆಲ್ಟ್ ಓಡುತ್ತದೆ.

ಮೋಟಾರ್ ಇರುವುದನ್ನು ಬಿಟ್ಟು ಇದನ್ನೇ ಆರಿಸಿದ್ದಕ್ಕೆ ಕಾರಣ ಇತ್ತು. ಓದುತ್ತಾ ಮುಳುಗಿಹೋದರೆ ನನಗೆ ಸುತ್ತ ಏನು ನಡೆಯುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಮೋಟಾರ್ ಬೆಲ್ಟ್ ನಮಗಾಗಿ ಕಾಯುವುದಿಲ್ಲ, ಕಾಲು ನಿಂತರೂ ಹಿಂದಕ್ಕೆ ಎಳೆದುಕೊಂಡು ಹೋಗುತ್ತದೆ. ಇದಾದರೆ ನಾನು ನಿಂತರೆ ತಾನೂ ನಿಲ್ಲುತ್ತದೆ. ಜೊತೆಗೆ ವೈರ್ ಇಲ್ಲ, ಮೋಟಾರಿನ ಗುಂಯ್ ಸದ್ದಿಲ್ಲ.

ಮೊದಲ ದಿನ ಹತ್ತು ನಿಮಿಷವೂ ನಡೆಯಲಾಗಲಿಲ್ಲ. ಯಂತ್ರವನ್ನು ಹೆಚ್ಚುಕಡಿಮೆ ಸಮತಟ್ಟಾಗಿಯೇ ಇಟ್ಟಿದ್ದೆ. ಬೆಲ್ಟನ್ನು ಹಿಂದಕ್ಕೆ ತಳ್ಳಲು ಹೋದರೆ ಮೈ ಮುಂದಕ್ಕೆ ಹೋಗಿ ಹೊಟ್ಟೆ ಮೇಜಿಗೆ ತಾಗುತ್ತಿತ್ತು. ಮೇಜು ಹಿಡಿದುಕೊಂಡರೆ ಬೆಲ್ಟ್ ಚೆನ್ನಾಗಿ ಓಡುತ್ತಿತ್ತು, ಆದರೆ ಟೈಪ್ ಮಾಡಲು ಕೈ ಎಲ್ಲಿದೆ? ಕಾಲು ಹಿಂದಕ್ಕೆ ತಳ್ಳಬೇಕಾದರೆ ಮೈಯನ್ನು ಏನಾದರೂ ಹಿಡಿದಿಡಬೇಕು. ಕೈಯಲ್ಲಿ ಹಿಡಿದುಕೊಳ್ಳುವ ಕಂಬಿ ಇರುವ ಯಂತ್ರದಲ್ಲಿ ಆ ಕೆಲಸ ಕಂಬಿಯದು. ಮೇಜಿನ ಕೆಳಗೆ ಕಂಬಿ ಇಲ್ಲ. ಹಾಗಾಗಿ ಯಂತ್ರದ ಮುಂಭಾಗ ಎತ್ತರದಲ್ಲಿ ಇರಲೇಬೇಕು. ಆಗ ನಮ್ಮ ಮೈಭಾರವೇ ಬೆಲ್ಟನ್ನು ಕೆಳಕ್ಕೆ ಎಳೆಯುತ್ತದೆ, ಕೈ ಬಿಡುವಾಗುತ್ತದೆ.

ನನ್ನ ಯಂತ್ರದ ಮುಂಗಾಲುಗಳನ್ನು ಎರಡು ಎತ್ತರದಲ್ಲಿ ನಿಲ್ಲಿಸಬಹುದು. ಜಾಸ್ತಿ ಎತ್ತರಕ್ಕೆ ಹಾಕಿದೆ. ಅಳೆದು ನೋಡಿದರೆ 120 ಸೆಂಟಿಮೀಟರ್ ಉದ್ದಕ್ಕೆ 12 ಸೆಂಟಿಮೀಟರ್ ಏರು, ಅಂದರೆ ನೂರಕ್ಕೆ ಹತ್ತು. ಕೈ ಬಿಟ್ಟು ನಡೆಯಲು ನನಗೆ ಅಷ್ಟು ಬೇಕೇ ಬೇಕಾಯಿತು. ಇಂಥದ್ದನ್ನು ಕೊಳ್ಳುವವರು ಮೊದಲು ನೋಡಬೇಕಾದದ್ದು ಇದನ್ನೇ ಅಂತ ನನ್ನ ಅಭಿಪ್ರಾಯ. ಏರು ಕೊಡಲು ಬಾರದ ಯಂತ್ರ ಮೇಜಿನ ಕೆಳಗೆ ಕೆಲಸಕ್ಕೆ ಬರುವುದಿಲ್ಲ.

ಆದರೆ ಏರು ಅಂದರೆ ಏರೇ. ಕೆಲಸ ಮಾಡುತ್ತಾ ಗುಡ್ಡ ಹತ್ತಿದ ಹಾಗೆ. ಮೂರನೇ ದಿನ ಮೀನಖಂಡ ಕಲ್ಲಿನಂತಾಗಿತ್ತು. ಹಿಮ್ಮಡಿಯ ಮೇಲಿನ ನರ ಬೆಳಗ್ಗೆ ಎದ್ದ ತಕ್ಷಣ ಸೆಳೆಯುತ್ತಿತ್ತು. ತಪ್ಪು ನನ್ನದೇ, ಉತ್ಸಾಹದಲ್ಲಿ ಒಂದೇ ಬಾರಿಗೆ ನಲವತ್ತು ನಿಮಿಷ ನಡೆದಿದ್ದೆ. ಮೂರು ದಿನ ಪೂರ್ತಿ ಬಿಟ್ಟೆ. ಆಮೇಲೆ ಬೆಳಗ್ಗೆ ಹತ್ತು ನಿಮಿಷ, ಮಧ್ಯಾಹ್ನ ಹತ್ತು ನಿಮಿಷ ಅಂತ ಶುರು ಮಾಡಿದೆ. ವಾರಕ್ಕೆ ಐದು ನಿಮಿಷ ಮಾತ್ರ ಹೆಚ್ಚಿಸುತ್ತಾ ಹೋದೆ. ಬರಿಗಾಲಲ್ಲಿ ನಡೆಯುವುದನ್ನೂ ಬಿಟ್ಟೆ, ಹಿಮ್ಮಡಿ ಸ್ವಲ್ಪ ದಪ್ಪ ಇರುವ ಶೂ ಹಾಕಿದ ಮೇಲೆ ಸೆಳೆತ ಕಡಿಮೆಯಾಯಿತು. ಈಗ ಇಪ್ಪತ್ತೈದು ನಿಮಿಷದ ಮೂರು ಸುತ್ತು, ಕೆಲವು ದಿನ ನಾಲ್ಕು. ಉಳಿದ ಹೊತ್ತು ಕುರ್ಚಿ, ನಡುವೆ ಸ್ವಲ್ಪ ಸುಮ್ನೆ ನಿಲ್ಲುವುದು.

ಇನ್ನು ಮೇಜಿನ ವಿಷಯ. ಯಂತ್ರ ಹತ್ತಿದರೆ ನಾವು ನಿಲ್ಲುವ ಜಾಗ ಹದಿನೈದು ಸೆಂಟಿಮೀಟರ್‌ನಷ್ಟು ಮೇಲೆ ಬರುತ್ತದೆ. ಕೀಬೋರ್ಡ್ ಮೊಣಕೈ ಮಟ್ಟಕ್ಕೆ ಬರಬೇಕಾದರೆ ಮೇಜೂ ಅಷ್ಟೇ ಮೇಲೇರಬೇಕು ಅಲ್ವಾ? ಏರಿಸಿ ಇಳಿಸುವ ಮೇಜು ನನ್ನಲ್ಲಿ ಮೊದಲೇ ಇತ್ತು. ಆದರೆ ಅಷ್ಟು ಎತ್ತರಕ್ಕೆ ಹೋದಾಗ ಅದು ಅಲುಗಾಡುತ್ತದೆ. ಅಂಗೈ ಮೇಜಿನ ಮೇಲೆ ಊರಿದರೆ ಪ್ರತಿ ಹೆಜ್ಜೆಯೂ ಪರದೆಗೆ ಮುಟ್ಟುತ್ತದೆ. ಅಕ್ಷರಗಳು ಕುಣಿಯುತ್ತವೆ, ಅರ್ಧ ಗಂಟೆಗೆ ಕಣ್ಣು ಸೋಲುತ್ತದೆ. ಮೇಜಿನ ಕಾಲಿಗೆ ರಬ್ಬರ್ ಇಟ್ಟೆ, ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿದೆ, ಅಷ್ಟೇನೂ ಪ್ರಯೋಜನ ಆಗಲಿಲ್ಲ. ಕೊನೆಗೆ ಮಾನಿಟರನ್ನೇ ಮೇಜಿನಿಂದ ಎತ್ತಿ ಹಿಂದಿನ ಗೋಡೆಗೆ ಬ್ರಾಕೆಟ್ ಹಾಕಿ ಕೂರಿಸಿದೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬಂತು, ಅಲುಗಾಟ ನಿಂತಿತು. ಈ ಒಂದು ಬದಲಾವಣೆ ಮಾಡದಿದ್ದರೆ ನಾನು ತಿಂಗಳೊಳಗೆ ಯಂತ್ರವನ್ನು ಮೂಲೆಗೆ ನಿಲ್ಲಿಸಿಬಿಡುತ್ತಿದ್ದೆ.

ಎಷ್ಟು ವೇಗ ಅಂತ ತಿಳಿಯುವ ಆಸೆ ನನಗೆ. ಯಂತ್ರದ ಪುಟ್ಟ ಮೀಟರ್ ಮೇಲೆ ನಂಬಿಕೆ ಬರಲಿಲ್ಲ. ಬೆಲ್ಟಿಗೆ ಸೀಮೆಸುಣ್ಣದ ಗೆರೆ ಎಳೆದು, ಸುತ್ತಳತೆ ತೆಗೆದೆ: 2.4 ಮೀಟರ್. ಒಂದು ನಿಮಿಷಕ್ಕೆ ಗೆರೆ ಎಷ್ಟು ಸಲ ಬರುತ್ತದೆ ಅಂತ ಎಣಿಸಿದೆ. ಓದುತ್ತಿರುವಾಗ ಹದಿನಾಲ್ಕು ಸಲ. ಅಂದರೆ ಗಂಟೆಗೆ 2 ಕಿಲೋಮೀಟರ್. ಇಷ್ಟು ನಿಧಾನವಾ ಅಂತ ಮೊದಲು ಬೇಜಾರಾಯಿತು. ಆಮೇಲೆ ಒಂದು ಅಧ್ಯಯನ ಓದಿದೆ. ಅಮೆರಿಕದ ಮೇಯೋ ಕ್ಲಿನಿಕ್‌ನ ಜೇಮ್ಸ್ ಲೆವೈನ್ ಮತ್ತು ಅವರ ಜೊತೆಗಾರರೊಬ್ಬರು 2007ರಲ್ಲಿ ಪ್ರಕಟಿಸಿದ್ದು. ತೂಕ ಜಾಸ್ತಿ ಇದ್ದ 15 ಜನರಿಗೆ ಟ್ರೆಡ್‌ಮಿಲ್ ಮೇಲೆ ನಡೆಯುತ್ತಾ ಕೆಲಸ ಮಾಡಲು ಕೊಟ್ಟಿದ್ದರು. ಅವರು ತಾವಾಗಿ ಆರಿಸಿಕೊಂಡ ವೇಗ ಗಂಟೆಗೆ 1.8 ಕಿಲೋಮೀಟರ್ ಆಸುಪಾಸು. ಕೂತಾಗ ಗಂಟೆಗೆ 72 ಕಿಲೋಕ್ಯಾಲೊರಿ ಖರ್ಚಾಗುತ್ತಿದ್ದದ್ದು ನಡೆಯುವಾಗ 191 ಆಗಿತ್ತು. ಅವರು ಬಳಸಿದ ಯಂತ್ರ ಬೇರೆ, ಮೈಕಟ್ಟು ಬೇರೆ, ಆ ಲೆಕ್ಕವನ್ನು ನಾನು ನನಗೆ ಹಚ್ಚಿಕೊಳ್ಳುವುದಿಲ್ಲ. ಆದರೆ ಕೆಲಸ ಮಾಡುತ್ತಾ ನಡೆಯುವವರಿಗೆ ಇದೇ ಸಹಜ ವೇಗ ಅಂತ ಸಮಾಧಾನ ಆಯಿತು. ಹಾಗಂತ ಇದು ಬಿರುಸು ನಡಿಗೆಯ ಬದಲಿ ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ವ್ಯಾಯಾಮ. ಅದನ್ನು ನಾನು ರಜೆಯ ದಿನ ಮತ್ತು ಬೆಳಗಿನ ಹೊತ್ತು ಹೊರಗೆ ನಡೆದು ಮಾಡುತ್ತೇನೆ. ಬೆಲ್ಟ್ ಇರುವುದು ಕೂರುವ ಹೊತ್ತನ್ನು ಕಡಿಮೆ ಮಾಡಲು.

ಒಂದು ಸಣ್ಣ ಗಮನ: ಕೈಗೆ ಕಟ್ಟುವ, ಹೆಜ್ಜೆ ಎಣಿಸುವ ಪಟ್ಟಿ ಇಲ್ಲಿ ಸರಿಯಾಗಿ ಎಣಿಸುವುದಿಲ್ಲ. ಕೈ ಕೀಬೋರ್ಡ್ ಮೇಲೆ ಅಲುಗದೆ ಇರುತ್ತದಲ್ಲ. ನಾನು ಫೋನನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ.

ಯಂತ್ರದ ಆರೈಕೆ ಕಷ್ಟದ್ದೇನಲ್ಲ, ಆದರೆ ಒಂದು ಸಲ ಎಡವಿದೆ. ಬೆಲ್ಟ್ ಬಿಗಿಯಾಯಿತು ಅಂತ ಅದರ ಕೆಳಗೆ ಸಿಲಿಕೋನ್ ಎಣ್ಣೆ ಜಾಸ್ತಿಯೇ ಹಾಕಿಬಿಟ್ಟೆ. ಹತ್ತಿದ ತಕ್ಷಣ ಬೆಲ್ಟ್ ಸರ್ರನೆ ಜಾರಿತು. ಮೇಜು ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಮೋಟಾರ್ ಇಲ್ಲದ್ದಕ್ಕೆ ವೇಗದ ಮಿತಿಯೂ ಇಲ್ಲ, ಘರ್ಷಣೆ ಕಡಿಮೆಯಾದಷ್ಟೂ ಓಟ ಜಾಸ್ತಿ. ಅವತ್ತಿನಿಂದ ಪಕ್ಕದ ಅಂಚಿನ ಮೇಲೆ ಎರಡೂ ಕಾಲಿಟ್ಟು, ಮೇಜು ಹಿಡಿದು, ಆಮೇಲೇ ಒಂದೊಂದೇ ಕಾಲು ಬೆಲ್ಟಿಗೆ ಇಡುತ್ತೇನೆ. ಇಳಿಯುವಾಗಲೂ ಅಷ್ಟೇ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಬಳಸಿದ ಮೇಲೆ ಎತ್ತಿ ನಿಲ್ಲಿಸಿ, ಬೀಳದಂತೆ ಕಟ್ಟಿಡಬೇಕು. ಮುಟ್ಟಿದರೆ ಸಾಕು ತಿರುಗುವ ಬೆಲ್ಟಿನಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ.

ಬೆಲ್ಟ್ ಪದೇ ಪದೇ ಬಲಕ್ಕೆ ಸರಿಯುತ್ತಿತ್ತು. ಹಿಂದಿನ ಬಲ ಬೋಲ್ಟನ್ನು ಅಲೆನ್ ಕೀಯಿಂದ ಕಾಲು ಸುತ್ತು ಬಿಗಿ ಮಾಡಿದರೆ ಮಧ್ಯಕ್ಕೆ ಬರುತ್ತಿತ್ತು, ವಾರದಲ್ಲಿ ಮತ್ತೆ ಸರಿಯುತ್ತಿತ್ತು. ಆಮೇಲೆ ಗಮನಿಸಿದೆ, ಮೌಸ್ ಕಡೆ ವಾಲಿ ನಡೆಯುತ್ತಿದ್ದೆ. ಮೌಸನ್ನು ಕೀಬೋರ್ಡಿಗೆ ಹತ್ತಿರ ತಂದ ಮೇಲೆ ಬೋಲ್ಟ್ ಮುಟ್ಟಿಲ್ಲ.

ಎಲ್ಲ ಕೆಲಸವೂ ಬೆಲ್ಟ್ ಮೇಲೆ ಆಗುವುದಿಲ್ಲ. ಮೊದಲ ಓದು, ಮೇಲ್‌ಗಳು, ಬರೀ ಕೇಳಿಸಿಕೊಳ್ಳುವ ಮೀಟಿಂಗ್ ಚೆನ್ನಾಗಿ ಆಗುತ್ತವೆ. ಮೌಸ್ ಹಿಡಿದು ಸಣ್ಣ ಜಾಗಕ್ಕೆ ಗುರಿಯಿಟ್ಟು ಕ್ಲಿಕ್ ಮಾಡುವ ಕೆಲಸ ಕಷ್ಟ. ಮಾತಾಡಬೇಕಾದ ಮೀಟಿಂಗಿಗೆ ಇಳಿದುಬಿಡುತ್ತೇನೆ, ಉಸಿರಿನ ಸದ್ದು, ಹೆಜ್ಜೆಯ ಸದ್ದು ಎರಡೂ ಮೈಕಿಗೆ ಕೇಳಿಸುತ್ತವೆ. ಕೊನೆಯ ತಿದ್ದುಪಡಿ ಕೂತೇ ಮಾಡುವುದು.

ಮೊದಮೊದಲು ಓದಿನ ಮಧ್ಯೆ ಬೆಲ್ಟ್ ನಿಂತರೆ ಸಿಟ್ಟು ಬರುತ್ತಿತ್ತು, ನಡಿಗೆ ತಪ್ಪಿತಲ್ಲ ಅಂತ. ಎರಡು ತಿಂಗಳಾದ ಮೇಲೆ, ನಿಂತಾಗಲೆಲ್ಲ ಪರದೆಯಲ್ಲಿ ಏನಿದೆ ಅಂತ ನೋಡತೊಡಗಿದೆ. ಹೆಚ್ಚಿನ ಸಲ ಅಲ್ಲೊಂದು ಸಿಕ್ಕುಬಿದ್ದ ವಾಕ್ಯ ಇರುತ್ತಿತ್ತು, ಇಲ್ಲವೇ ಹಿಂದಿನ ಪುಟಕ್ಕೆ ಹೊಂದದ ಮಾತು. ನನ್ನ ಮನಸ್ಸು ಅದನ್ನು ಗುರುತಿಸುವ ಮೊದಲೇ ಕಾಲು ನಿಂತಿರುತ್ತಿತ್ತು. ಈಗ ಬೆಲ್ಟ್ ನಿಂತ ಸಾಲಿಗೆ ಹಳದಿ ಬಣ್ಣ ಹಚ್ಚಿ ಮುಂದೆ ನಡೆಯುತ್ತೇನೆ. ಮಧ್ಯಾಹ್ನ ಕುರ್ಚಿಯಲ್ಲಿ ಕೂತಾಗ ಮೊದಲು ತೆಗೆದುಕೊಳ್ಳುವುದು ಆ ಹಳದಿ ಸಾಲುಗಳನ್ನೇ.