ಜಯ ಭತ್ತಕ್ಕೆ ಜ್ಯೋತಿ ಕೂಡಿಸಿದರೆ ಅಕ್ಕಿ ಯಾವ ಬಣ್ಣ?

ಕೆಂಪಕ್ಕಿಯ ಕೆಂಪು ಇರುವುದು ತೌಡಿನಲ್ಲಿ. ಅದರ ಮುಖ್ಯ ವಂಶವಾಹಿಗೆ ಎರಡು ಅಲೀಲ್, ಅಂದರೆ ಎರಡು ರೂಪ: ಕೆಂಪಿನದು ಪ್ರಬಲ, ಬಿಳಿಯದು ದುರ್ಬಲ. ‘ಕೆ’, ‘ಬಿ’ ಎಂದು ಬರೆದುಕೊಳ್ಳಿ. ಗಿಡಕ್ಕೆ ತಾಯಿಯಿಂದ ಒಂದು, ತಂದೆಯಿಂದ ಒಂದು. ಕೆಕೆ, ಕೆಬಿ ಎರಡೂ ಕೆಂಪು. ಬಿಬಿ ಮಾತ್ರ ಬಿಳಿ.

ಬಿಳಿಯ ಜಯವನ್ನೇ ತಾಯಿ ಮಾಡಿ, ಕೆಂಪು ಜ್ಯೋತಿಯನ್ನು ತಂದೆ ಮಾಡಿ. ತಿರುವುಮುರುವು ಮಾಡಿದರೆ ಸಂಕರ ಕೂಡಿತೋ, ತಾಯಿ ತನ್ನದೇ ಪರಾಗದಿಂದ ಕಾಳು ಕಟ್ಟಿತೋ ಗೊತ್ತಾಗುವುದಿಲ್ಲ. ಎರಡರಿಂದಲೂ ಕೆಂಪೇ ಬರುತ್ತದೆ.

ಹೂ ಒಟ್ಟಿಗೆ ಸಿಗಲೆಂದು ತಂದೆಯನ್ನು ವಾರಕ್ಕೊಂದರಂತೆ ಮೂರು ಸಲ ಬಿತ್ತಿ. ತಾಯಿ ಬಕೆಟ್ಟಿನಲ್ಲಿದ್ದರೆ ಒಳ್ಳೆಯದು. ಮಲೆನಾಡಿನ ಮಳೆ ಬಂದರೆ ಜಗಲಿಗೆ ಎತ್ತಿಡಬಹುದು. ಸಂಜೆ, ಮರುದಿನ ಅರಳಲಿರುವ ಹೂಗಳ ತುದಿಯನ್ನು ಮೂರನೇ ಒಂದರಷ್ಟು ಕತ್ತರಿಸಿ, ಚಿಮಟದಿಂದ ಆರೂ ಪರಾಗಕೋಶ ತೆಗೆಯಿರಿ. ಒಂದು ಉಳಿದರೂ ಕೆಲಸ ಕೆಟ್ಟಿತು. ಉಳಿದ ಹೂಗಳನ್ನು ಕಿತ್ತು ತೆನೆಗೆ ಬಟರ್ ಪೇಪರ್ ಚೀಲ ಹಾಕಿ. ಬೆಳಿಗ್ಗೆ ಹತ್ತರ ಸುಮಾರಿಗೆ ಅರಳಿದ ಜ್ಯೋತಿ ತೆನೆಯನ್ನು ಮೇಲೆ ಕೊಡವಿ, ಮತ್ತೆ ಚೀಲ ಕಟ್ಟಿ.

ತಿಂಗಳೊಳಗೆ ಬಲಿತ ಕಾಳು ಸುಲಿದರೆ ಬಿಳಿಯೇ. ಸೋತಿತೆಂದು ಎಸೆಯಬೇಡಿ! ತೌಡು ತಾಯಿಯ ಅಂಗಾಂಶ, ಅದಕ್ಕೆ ತಾಯಿಯ ಬಣ್ಣವೇ. ಬಟಾಣಿಯ ಒಂದೇ ಕಾಯಿಯಲ್ಲಿ ಹಳದಿ, ಹಸಿರು ಕಾಳು ಕಾಣುವುದು ಅಲ್ಲಿ ಬಣ್ಣ ಮರಿಯದೇ ಆದ್ದರಿಂದ. ಭತ್ತದಲ್ಲಿ ಲೆಕ್ಕ ಗಿಡಕ್ಕೆ, ಕಾಳಿಗಲ್ಲ.

ಆ ಕಾಳು ಬಿತ್ತಿ. ಗಿಡದ ಕಾಳೆಲ್ಲ ಕೆಂಪಾದರೆ ಅದು ಕೆಬಿ, ಸಂಕರ ಕೂಡಿದೆ. ಬಿಳಿಯಾದರೆ ತಾಯಿಯದೇ ಮರಿ, ಬಿಡಿ. ಕೆಬಿ ಗಿಡದಿಂದ 40 ಸಸಿ ಎಬ್ಬಿಸಿ, ಬುಡಕ್ಕೊಂದೇ ಸಸಿ ನೆಡಿ. ರೂಢಿಯಂತೆ ಎರಡು ಮೂರು ಸೇರಿಸಿ ನೆಟ್ಟರೆ ತೆನೆಗಳು ಬೆರೆತು ಎಣಿಕೆ ಹಾಳು. ನಿರೀಕ್ಷೆ 30 ಕೆಂಪು, 10 ಬಿಳಿ. ಬಿಳಿ 7 ಬಂದರೂ 13 ಬಂದರೂ ಗಾಬರಿ ಬೇಡ. ಕಂದು ಅಕ್ಕಿಯ ಗಿಡಗಳೂ ಕಂಡರೆ ಬಣ್ಣ ತುಂಬುವ ಎರಡನೇ ವಂಶವಾಹಿಯ ಎರಡು ರೂಪಗಳೂ ಮರಿಗಳಲ್ಲಿ ಬೇರ್ಪಡುತ್ತಿವೆ. ಆಗ ಕೆಂಪು, ಕಂದು, ಬಿಳಿ 9:3:4.

ಬಿಳಿ ಗಿಡಗಳು ಬಣ್ಣದ ಮಟ್ಟಿಗೆ ಅಲ್ಲೇ ಶುದ್ಧ. ಕೆಂಪಿನಲ್ಲಿ ಮೂರರಲ್ಲೊಂದು ಮಾತ್ರ ಕೆಕೆ, ನೋಡಿದರೆ ತಿಳಿಯದು. ಪ್ರತಿ ಕೆಂಪು ಗಿಡದ ಬೀಜ ಬೇರೆಯಾಗಿಟ್ಟು 16 ಸಸಿ ಬೆಳೆಸಿ. ಒಂದಾದರೂ ಬಿಳಿ ಬಂದರೆ ಅದು ಕೆಬಿ. ಹದಿನಾರೂ ಕೆಂಪಾದರೆ ಕೆಕೆ ಎಂದೇ ಇಟ್ಟುಕೊಳ್ಳಿ. ಕೆಬಿ ಗಿಡ ಹೀಗೆ ಮೋಸಗೊಳಿಸುವ ಸಾಧ್ಯತೆ ನೂರಕ್ಕೆ ಸುಮಾರು ಒಂದು.