ಮೊಟ್ಟೆಯ ಪ್ರತಿಕಾಯವನ್ನು ಕುಡಿಸುವ ಮುನ್ನ ಸುರಕ್ಷತೆಯನ್ನು ಪರೀಕ್ಷಿಸುವ ಕ್ರಮ

ಲಸಿಕೆ ಹಾಕಿದ ಕೋಳಿಯ ರಕ್ತದಿಂದ ಮೊಟ್ಟೆಯ ಹಳದಿಗೆ ಸೇರುವ ಐಜಿವೈ ಪ್ರತಿಕಾಯವನ್ನು ಕರುಳಿನ ಸೋಂಕಿಗೆ ಔಷಧವಾಗಿ ಕುಡಿಸಬೇಕೆಂದಿದ್ದರೆ, ಮೊಟ್ಟೆ ಹೇಗೂ ನಿತ್ಯದ ಆಹಾರವೇ ಎಂಬ ಧೈರ್ಯವನ್ನು ಮೊದಲು ಬದಿಗಿಡಬೇಕು.

ತಯಾರಾದ ಪ್ರತಿಯೊಂದು ಬ್ಯಾಚಿನಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ ಇಲ್ಲವೆಂದು ಖಚಿತಪಡಿಸಿಕೊಂಡು, ಕೋಳಿಗೆ ಕೊಟ್ಟ ಆಂಟಿಬಯಾಟಿಕ್‌ಗಳ ಮತ್ತು ಶುದ್ಧೀಕರಣಕ್ಕೆ ಬಳಸಿದ ರಾಸಾಯನಿಕಗಳ ಉಳಿಕೆಯನ್ನು ಅಳೆಯಿರಿ. ಪಾಶ್ಚರೀಕರಣದ, ಅಂದರೆ ರೋಗಾಣುಗಳನ್ನು ಕೊಲ್ಲಲು ಬಿಸಿ ಮಾಡಿದ ಬಳಿಕ, ಪ್ರತಿಕಾಯ ಎಷ್ಟು ಉಳಿದಿದೆ ಎಂದು ಅಳೆಯುವ ಎಲೈಸಾ ಪರೀಕ್ಷೆಯನ್ನು ಮತ್ತೆ ಮಾಡಿ. ಶಾಖ 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಪ್ರತಿಕಾಯದ ಬಲ ಕುಂದುತ್ತದೆ.

ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಪಡೆದು, ಓಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 407ನೇ ಪರೀಕ್ಷಾ ಮಾರ್ಗಸೂಚಿಯಂತೆ ಇಲಿಗಳಿಗೆ 28 ದಿನ ನಿತ್ಯವೂ ಬಾಯಿಯ ಮೂಲಕ ಮೂರು ಪ್ರಮಾಣಗಳಲ್ಲಿ ಕೊಡಬೇಕು. ಹೆಚ್ಚಿನವರು ಎಡವುವುದು ಹೋಲಿಕೆಯ ಗುಂಪಿನಲ್ಲಿ: ಅದಕ್ಕೆ ಬರೀ ನೀರು ಕೊಟ್ಟರೆ, ಹಳದಿಯ ಕೊಬ್ಬಿನಿಂದಾದ ಬದಲಾವಣೆಯೂ ಪ್ರತಿಕಾಯದ ತಲೆಗೇ ಬರುತ್ತದೆ. ಆದ್ದರಿಂದ ಲಸಿಕೆ ಹಾಕದ ಕೋಳಿಯ ಮೊಟ್ಟೆಯಿಂದ ಅದೇ ವಿಧಾನದಲ್ಲಿ ತೆಗೆದ ಐಜಿವೈ ಪಡೆಯುವ ಗುಂಪೊಂದು ಇರಲೇಬೇಕು. ತೂಕ, ಆಹಾರ ಸೇವನೆ, ರಕ್ತ, ಯಕೃತ್ತು, ಮೂತ್ರಪಿಂಡಗಳ ಜೊತೆಗೆ ಸಣ್ಣ ಕರುಳಿನ ತೆಳು ಪದರಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಕರುಳಿನ ಒಳಗೋಡೆಯ ಬೆರಳಿನಂಥ ಸಣ್ಣ ಚಾಚುಗಳಾದ ವಿಲ್ಲೈಗಳು ಮೊಟಕಾಗಿವೆಯೇ, ಉರಿಯೂತದ ಕೋಶಗಳು ನೆರೆದಿವೆಯೇ ಎಂದು ನೋಡಿ.

ಮನುಷ್ಯರಲ್ಲಿ ನಿಜವಾದ ಅಪಾಯವೆಂದರೆ ಅಲರ್ಜಿ. ಮೊಟ್ಟೆಯ ಮುಖ್ಯ ಅಲರ್ಜಿಕಾರಕಗಳಾದ ಓವಾಲ್ಬುಮಿನ್, ಓವೋಮ್ಯೂಕಾಯ್ಡ್ ಬಿಳಿಯಲ್ಲಿದ್ದರೂ ಹಳದಿಯನ್ನು ಬೇರ್ಪಡಿಸುವಾಗ ಅವು ಅಂಟಿಕೊಂಡು ಬರಬಲ್ಲವು. ಹಳದಿಯಲ್ಲೇ ಇರುವ ಆಲ್ಫಾ ಲಿವೆಟಿನ್ ಎಂಬ ಪ್ರೋಟೀನ್ ಕೂಡ ಕೆಲವರಿಗೆ ಆಗದು. ಮೊಟ್ಟೆ ಒಗ್ಗದವರನ್ನು ಆರಂಭದಲ್ಲೇ ಹೊರಗಿಟ್ಟು, ಮೊದಲ ಡೋಸನ್ನು ತೀವ್ರ ಅಲರ್ಜಿಯ ತುರ್ತು ಔಷಧವಾದ ಅಡ್ರಿನಲಿನ್ ಕೈಗೆಟುಕುವಲ್ಲಿ ಇರಿಸಿಕೊಂಡು ವೈದ್ಯರ ಎದುರಿನಲ್ಲೇ ಕೊಡಿ. ಐಜಿವೈ ವಿರುದ್ಧ ದೇಹವೇ ಪ್ರತಿಕಾಯ ಬೆಳೆಸಿಕೊಂಡಿದೆಯೇ ಎಂದು ತಿಳಿಯಲು ಚಿಕಿತ್ಸೆಯ ಮೊದಲೂ ನಂತರವೂ ರಕ್ತದ ಮಾದರಿ ತೆಗೆದಿಡಿ.